ಬಾಗಿಲ ಮೇಲೆ ‘ನಾಳೆ ಬಾ’: ನಮ್ಮ ಪುಟ್ಟಿಯ ಮೊದಲ ಹಾಲೋವೀನ್

ಮನೆ ಮುಂದಿನ ದೀಪ ಆರಿಸಬೇಕಾ ಬೇಡವಾ ಅಂತ ಅಕ್ಟೋಬರ್ 31ರ ಸಂಜೆ ನನಗೂ ಅಮ್ಮನಿಗೂ ಸಣ್ಣ ಜಗಳ ಆಯಿತು. ಏಳು ತಿಂಗಳ ಪುಟ್ಟಿಯ ಮೊದಲ ಹಾಲೋವೀನ್ ಬಗ್ಗೆ ಬರಿ ಬರಿ ಅಂತ ತಂಗಿ ಪೀಡಿಸುತ್ತಿದ್ದಾಳೆ, ಐವತ್ತು ಫೋಟೋ ಕಳಿಸಿದ್ದು ಅವಳಿಗೆ ಸಾಲಲಿಲ್ಲ. ಬರೆಯೋಣ ಅಂತ ಕೂತರೆ ಮೊದಲು ನೆನಪಾಗುವುದು ಆ ಜಗಳವೇ. ಇರಲಿ, ಅಲ್ಲಿಗೆ ಬರುತ್ತೇನೆ.

ನಾವಿರುವುದು ಶಿಕಾಗೋ ಹೊರವಲಯದಲ್ಲಿ, ನೇಪರ್‌ವಿಲ್ ಹತ್ತಿರ. ಬಾಣಂತನ ಮುಗಿದ ಮೇಲೆ, ನಾನು ಕೆಲಸಕ್ಕೆ ಮರಳುವ ಹೊತ್ತಿಗೆ, ಆಗಸ್ಟ್‌ನಲ್ಲಿ ಅಮ್ಮ ಮೈಸೂರಿನಿಂದ ಬಂದರು. ಅಮ್ಮನಿಗೆ ಹಾಲೋವೀನ್ ಅಂದರೆ ಟಿವಿಯಲ್ಲಿ ನೋಡಿದ್ದಷ್ಟೇ. ನನಗೂ ಅದು ಅಷ್ಟೇನೂ ಹತ್ತಿರದ್ದಲ್ಲ. ದೆವ್ವ ಭೂತದ ವೇಷ ಹಾಕಿಕೊಂಡು ಮನೆಮನೆಗೆ ಬರುವ ಮಕ್ಕಳಿಗೆ ಬಾಗಿಲು ತೆರೆದು ಚಾಕಲೇಟು ಕೊಟ್ಟು ಬಾಗಿಲು ಹಾಕಿಕೊಳ್ಳುವುದು, ಇಷ್ಟು ವರ್ಷ ನಮ್ಮ ಹಾಲೋವೀನ್ ಅಷ್ಟರಲ್ಲೇ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಮಗು ಇದ್ದರೆ ಎಲ್ಲ ಹಬ್ಬವೂ ನಮ್ಮದೇ ಆಗಿಬಿಡುತ್ತದೆ, ಅಲ್ವಾ?

ಈ ಸಲ ಇನ್ನೊಂದು ತಮಾಷೆ ಇತ್ತು. 2024ರ ದೀಪಾವಳಿಯೂ ಹಾಲೋವೀನೂ ಒಂದರ ಮೇಲೊಂದು ಬಂದು ಕೂತಿದ್ದವು. ಬೆಂಗಳೂರಿನ ಕ್ಯಾಲೆಂಡರಿನಲ್ಲಿ 31ನೇ ತಾರೀಕು, ಗುರುವಾರ, ನರಕ ಚತುರ್ದಶಿ. ನಮ್ಮ ಗಡಿಯಾರ ಅಲ್ಲಿಗಿಂತ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ಇಲ್ಲಿ ಅದೇ ದಿನ ಬೆಳಗಿನ ಜಾವಕ್ಕೆ ಅಮಾವಾಸ್ಯೆ ಶುರುವಾಗಿ, ಸಂಜೆಗೆ ಲಕ್ಷ್ಮೀ ಪೂಜೆ ಬಂತು. ಅಮ್ಮ ತಿಥಿ ನೋಡುವುದರಲ್ಲಿ ಗಟ್ಟಿಗಿತ್ತಿ. ಆದರೂ ಈ ಲೆಕ್ಕಕ್ಕೆ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ “ಬೆಳಿಗ್ಗೆ ಎಣ್ಣೆಸ್ನಾನ ಊರಿನ ಲೆಕ್ಕಕ್ಕೆ, ಸಂಜೆ ಪೂಜೆ ಇಲ್ಲಿಯ ಲೆಕ್ಕಕ್ಕೆ” ಅಂತ ತೀರ್ಪು ಕೊಟ್ಟರು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಊರಲ್ಲಾದರೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತುತ್ತಿದ್ದೆವು. ಇಲ್ಲಿ ಪುಟ್ಟಿಯ ನೀಲಿ ಪ್ಲಾಸ್ಟಿಕ್ ಟಬ್ಬಿಗೆ ಅರಿಶಿನ ಕುಂಕುಮ. ಆ ಟಬ್ಬಿನ ಮೇಲೆ ಒಂದು ಬಾತುಕೋಳಿಯ ಚಿತ್ರ ಇದೆ, ಅದರ ಹಣೆಗೂ ಒಂದು ಬೊಟ್ಟು ಬಿತ್ತು.

ಅದಕ್ಕೂ ಮೊದಲು ಕುಂಬಳಕಾಯಿ ಕಥೆ ಹೇಳಬೇಕು.

ಇಲಿನಾಯ್ ಅಂದರೆ ಅಮೆರಿಕದ ಕುಂಬಳದ ಕಣಜ. ದೇಶದಲ್ಲೇ ಅತಿ ಹೆಚ್ಚು ಕುಂಬಳ ಬೆಳೆಯುವ ರಾಜ್ಯ ಇದು. ಪಿಯೋರಿಯಾ ಪಕ್ಕದ ಮಾರ್ಟನ್ ಅನ್ನೋ ಊರು ತನ್ನನ್ನು ಜಗತ್ತಿನ ಕುಂಬಳದ ರಾಜಧಾನಿ ಅಂತಲೇ ಕರೆದುಕೊಳ್ಳುತ್ತದೆ. ಹೊಲಕ್ಕೇ ಹೋಗಿ ಆರಿಸಿ ತರುವುದು ಇಲ್ಲಿನ ಅಪ್ಪ ಅಮ್ಮಂದಿರ ಪದ್ಧತಿ. ಮಗುವನ್ನು ಕುಂಬಳದ ರಾಶಿ ನಡುವೆ ಕೂರಿಸಿ ಫೋಟೋ ತೆಗೆಯದಿದ್ದರೆ ಏನೋ ಕಳೆದುಕೊಂಡಂತೆ. ನಾವೂ ಹೋದೆವು. ಪುಟ್ಟಿ ಆಸರೆಯಿಲ್ಲದೆ ಕೂರಲು ಆಗಷ್ಟೇ ಕಲಿತಿದ್ದಳು. ಕುಂಬಳವೊಂದನ್ನು ತಬ್ಬಿ, ಅದರ ತೊಟ್ಟಿಗೆ ಬಾಯಿ ಹಾಕಿ, ಹಾಗೇ ಪಕ್ಕಕ್ಕೆ ಉರುಳಿಕೊಂಡಳು. ನಮ್ಮ ಬಳಿ ಇರುವುದು ಉರುಳಿದ ಮೇಲಿನ ಫೋಟೋ ಮಾತ್ರ.

ಮನೆಗೆ ತಂದು ಚಾಕು ಹಿಡಿದೆ. “ನೀನು ಮುಟ್ಟಬೇಡ!” ಅಂತ ಅಮ್ಮ ಅಡುಗೆ ಮನೆಯಿಂದ ಕೂಗಿದರು. ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದು, ಮೊದಲ ಏಟು ಗಂಡಸರದ್ದೇ ಆಗಬೇಕು ಅನ್ನೋದು ನಮ್ಮ ಕಡೆ ಹಳೇ ನಂಬಿಕೆ. ನನಗೆ ಇಂಥವೆಲ್ಲ ರೇಗುತ್ತದೆ. ಆದರೆ ಆ ದಪ್ಪ ಸಿಪ್ಪೆ ನೋಡಿದ ಮೇಲೆ ಒಂದು ಸಲಕ್ಕೆ ಸಂಪ್ರದಾಯ ಪಾಲಿಸಿದರೆ ತಪ್ಪೇನಿಲ್ಲ ಅನ್ನಿಸಿ ಗಂಡನ ಕೈಗೆ ಚಾಕು ಕೊಟ್ಟೆ. ಅವನು ಮೇಲಿನ ಮುಚ್ಚಳ ಕತ್ತರಿಸಿದ, ಆಮೇಲೆ ಕಣ್ಣು ಮೂಗು ಹಲ್ಲು ಎಲ್ಲ ನಾನೇ ಕೊರೆದೆ. ಅಮ್ಮ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, “ಇದು ನಮ್ಮ ದೃಷ್ಟಿ ಕುಂಬಳಕಾಯೇ ಅಲ್ವೇನೇ?” ಅಂದರು. ಹೌದಲ್ಲ! ಹೊಸ ಮನೆ ಕಟ್ಟುವ ಕಡೆಯೆಲ್ಲ ರಾಕ್ಷಸನ ಮುಖ ಬರೆದ ಬೂದುಗುಂಬಳ ತೂಗುಹಾಕಿರುತ್ತಾರೆ. ಅದು ಇಲ್ಲಿ ಕಿತ್ತಳೆ ಬಣ್ಣ ಬಳಿದುಕೊಂಡು ಒಳಗೊಂದು ದೀಪ ಇಟ್ಟುಕೊಂಡಿದೆ ಅಷ್ಟೆ.

ಯಾಕೆ ಮಾಡುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಐರ್ಲೆಂಡ್ ಕಡೆಯ ಹಳೆಯ ಸುಗ್ಗಿ ಹಬ್ಬ ಇದರ ಬೇರು, ಬೇಸಿಗೆ ಮುಗಿದು ಚಳಿ ಶುರುವಾಗುವ ಆ ರಾತ್ರಿ ಸತ್ತವರು ಈ ಕಡೆ ಬಂದು ಹೋಗುತ್ತಾರೆ ಅನ್ನೋ ನಂಬಿಕೆ ಇತ್ತು, ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು, ಅಮೆರಿಕಕ್ಕೆ ವಲಸೆ ಬಂದ ಮೇಲೆ ಅದಕ್ಕಿಂತ ದೊಡ್ಡದಾದ, ಕೊರೆಯಲು ಸುಲಭವಾದ ಕುಂಬಳ ಸಿಕ್ಕಿತು ಅಂತ. “ಪಿತೃಪಕ್ಷ ಅನ್ನು ಮತ್ತೆ” ಅಂದರು ಅಮ್ಮ. ಮಹಾಲಯ ಅಮಾವಾಸ್ಯೆ ತಿಂಗಳ ಹಿಂದಷ್ಟೇ ಮುಗಿದಿತ್ತು. “ನಮ್ಮೋರಿಗೆ ಎಡೆ ಇಟ್ಟರೆ ಸಾಕು, ಇವರಿಗೆ ಚಾಕಲೇಟೂ ಬೇಕಾ?”

ಒಳಗಿನ ತಿರುಳನ್ನು ಬಿಸಾಡಲು ಅಮ್ಮ ಬಿಡಲಿಲ್ಲ. ಹುಳಿ ಮಾಡಿದರು. ಸುಮ್ನೆ ಹೇಳ್ತೀನಿ, ಯಾರೂ ಆ ಸಾಹಸಕ್ಕೆ ಕೈ ಹಾಕಬೇಡಿ. ಕೊರೆಯಲು ಮಾರುವ ಕುಂಬಳ ಬರೀ ನಾರು ನೀರು, ರುಚಿ ಅನ್ನೋದು ಇಲ್ಲ. ಡಬ್ಬಿಯಲ್ಲಿ ಬರುವ ಕುಂಬಳದ ತಿರುಳು ಬೇರೆ ಜಾತಿಯದ್ದು, ಅದು ನೋಡಲೂ ಹೀಗೆ ಕಿತ್ತಳೆ ಇರುವುದಿಲ್ಲ. ಬೀಜ ಮಾತ್ರ ಉಪ್ಪು ಖಾರ ಹಾಕಿ ಹುರಿದಿದ್ದು ಚೆನ್ನಾಗಿತ್ತು. ಪುಟ್ಟಿಗೆ ಅಂತ ಬೇರೆ ಸಿಹಿಗುಂಬಳ ತಂದು ಬೇಯಿಸಿ ಹಿಸುಕಿ ಕೊಟ್ಟೆ. ತಿಂದಳು, ಅರ್ಧ ಹುಬ್ಬಿಗೆ ಹೋಯಿತು. ಬಾಗಿಲ ಹತ್ತಿರ ಇಟ್ಟ ಕುಂಬಳದ ಎಡಗಣ್ಣನ್ನು ಎರಡೇ ದಿನದಲ್ಲಿ ಅಳಿಲು ತಿಂದು ಹಾಕಿತು. ಇಲ್ಲಿನ ಅಳಿಲು ನಮ್ಮ ಮೂರು ಗೆರೆಯ ಪುಟ್ಟ ಅಳಿಲಲ್ಲ ಮಾರಾಯ್ರೇ, ಬೆಕ್ಕಿನ ಮರಿಯಷ್ಟು ಇರುತ್ತದೆ.

ಇನ್ನು ವೇಷ. ಆಗಸ್ಟ್‌ನಲ್ಲಿ ಕೃಷ್ಣಾಷ್ಟಮಿಗೆ ಪುಟ್ಟಿಗೆ ಕೃಷ್ಣನ ವೇಷ ಹಾಕಿದ್ದೆವು, ನವಿಲುಗರಿ ಅವಳೇ ಕಿತ್ತು ಬಾಯಿಗೆ ಹಾಕಿಕೊಂಡಿದ್ದಳು. ಅದನ್ನೇ ಮತ್ತೆ ಹಾಕು ಅಂತ ಅಮ್ಮ. ಮಸಾಲೆ ದೋಸೆ ಮಾಡೋಣ, ಕಂದು ಬಣ್ಣದ ಹೊದಿಕೆಯಲ್ಲಿ ಸುತ್ತಿ ಹಳದಿ ಟೋಪಿ ಹಾಕಿದರೆ ಒಳಗಿನ ಪಲ್ಯ ಅವಳೇ ಅಂತ ಗಂಡ. ನಾನು ಯಾರ ಮಾತೂ ಕೇಳದೆ ಅಂಗಡಿಯಿಂದ ಕುಂಬಳಕಾಯಿ ವೇಷ ತಂದೆ. ಹತ್ತಿ ತುಂಬಿದ ಉಬ್ಬು ಬಟ್ಟೆ. ಆಮೇಲೆ ತಿಳಿಯಿತು, ಇಂಥ ಉಬ್ಬು ಬಟ್ಟೆ ಹಾಕಿ ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸಬಾರದು, ಬೆಲ್ಟು ಸರಿಯಾಗಿ ಬಿಗಿಯಾಗುವುದಿಲ್ಲ. ಹೇಗೂ ಮನೆಯಲ್ಲೇ ಇರುತ್ತೇವಲ್ಲ ಅಂದುಕೊಂಡೆ. ಹಾಕಿದೆ. ನಾಲ್ಕೇ ನಿಮಿಷ. ಮುಖ ಕೆಂಪಾಗಿ, ಬೆವರಿ, ಮನೆ ಹಾರಿಹೋಗುವಂತೆ ಕಿರುಚಿದಳು. ನನ್ನ ಮೂವತ್ತು ಡಾಲರ್ ಅಲ್ಲಿಗೆ ಹೋಯಿತು.

ಕೊನೆಗೆ ಅವಳು ಹಾಕಿಕೊಂಡಿದ್ದು ಅಮ್ಮ ಹೆಣೆದು ತಂದಿದ್ದ ಕೆಂಪು ಕುಲಾವಿ, ಹಳದಿ ಅಂಗಿ. ಬೆಳಗಿನ ಎಣ್ಣೆಸ್ನಾನ ಆದ ಮೇಲೆ ಮೂರು ಗಂಟೆ ಗಡದ್ದಾಗಿ ನಿದ್ದೆ ಹೊಡೆದು ಎದ್ದಿದ್ದಳು, ಹಾಗಾಗಿ ಮುಖ ಅರಳಿತ್ತು. ಕೆನ್ನೆಗೆ ದೊಡ್ಡದೊಂದು ದೃಷ್ಟಿಬೊಟ್ಟು. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಬೇಡ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ಅಮ್ಮ ಸಬ್ಬಕ್ಕಿ ಸುಟ್ಟು ಕಪ್ಪು ಮಾಡಿಕೊಂಡು ಬಂದಿದ್ದರು. ಬಾಗಿಲಿಗೆ ಬಂದ ಮಕ್ಕಳಲ್ಲಿ ಐದಾರು ಜನ ಕೇಳಿದರು, ಪಾಪು ಯಾವ ವೇಷ ಹಾಕಿದೆ ಅಂತ. ಒಬ್ಬ ಹುಡುಗ ಲೇಡಿಬಗ್, ಅದೇ ಕಪ್ಪು ಚುಕ್ಕೆಯ ಕೆಂಪು ಹುಳ, ಅಂತ ತಾನೇ ತೀರ್ಮಾನ ಮಾಡಿದ. ಅಮ್ಮನಿಗೆ ಅದು ಅರ್ಥವಾದ ಮೇಲೆ ಸ್ವಲ್ಪ ಬೇಜಾರಾಯಿತು. “ಇವಳು ವೇಷಾನೇ ಹಾಕಿಲ್ಲ, ನಮ್ಮನೆ ಮಗು ಹಾಗೇ ಇರೋದು ಅಂತ ಹೇಳೇ.”

ಅಸ್ಥಿಪಂಜರ, ಮಾಟಗಾತಿ, ರಕ್ತ ಸುರಿಸುವ ಬಾಯಿ, ಇದ್ಯಾವುದಕ್ಕೂ ಪುಟ್ಟಿ ಹೆದರಲಿಲ್ಲ. ಎಲ್ಲರನ್ನೂ ನೋಡಿ ಕಾಲು ಬಡಿದಳು. ಅವಳು ಬೆಚ್ಚಿ ಅತ್ತಿದ್ದು ಒಂದೇ ಸಲ, ಅವಳಪ್ಪ ಅಂಟುಮೀಸೆ ಹಚ್ಚಿಕೊಂಡು ಬಂದಾಗ. ಗುರುತಿನ ಮುಖ ಇದ್ದಕ್ಕಿದ್ದಂತೆ ಬೇರೆಯಾಯಿತಲ್ಲ. ಮೀಸೆ ಕಿತ್ತ ಮೇಲೂ ಅರ್ಧ ಗಂಟೆ ಅವನ ಹತ್ತಿರ ಹೋಗಲಿಲ್ಲ.

ಹಂಚಲು ಅಮ್ಮ ಒಂದು ತಟ್ಟೆ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದರು. ಇಲ್ಲಿ ಮನೆಯಲ್ಲಿ ಮಾಡಿದ್ದನ್ನು ಕೊಡುವ ಹಾಗಿಲ್ಲ, ಕಂಪನಿಯ ಪೊಟ್ಟಣ ಒಡೆಯದೆ ಹಾಗೇ ಇರಬೇಕು, ಇಲ್ಲದಿದ್ದರೆ ಅಪ್ಪ ಅಮ್ಮ ಮನೆಗೆ ಹೋಗಿ ಕಸಕ್ಕೆ ಹಾಕುತ್ತಾರೆ ಅಂತ ಹೇಳುವುದು ನನಗೇ ಕಷ್ಟವಾಯಿತು. ಯಾರೋ ಅಪರಿಚಿತರು ವಿಷ ಹಾಕಿಬಿಡುತ್ತಾರೆ ಅನ್ನೋ ಭಯ ಇಲ್ಲಿ ಹಳೆಯದು. ಜೋಯಲ್ ಬೆಸ್ಟ್ ಅನ್ನೋ ಸಮಾಜಶಾಸ್ತ್ರಜ್ಞರು ಇದರ ಹಿಂದೆ ದಶಕಗಳ ಕಾಲ ಬಿದ್ದು, ಇದು ಹೆಚ್ಚುಕಮ್ಮಿ ಕಟ್ಟುಕಥೆ ಅಂತಲೇ ಹೇಳಿದ್ದಾರೆ. ಆದರೂ ಭಯ ಹೋಗಿಲ್ಲ. ಜೊತೆಗೆ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳೂ ಜಾಸ್ತಿ. ಅವರಿಗೆ ತಿಂಡಿಯ ಬದಲು ಸ್ಟಿಕ್ಕರು, ಪೆನ್ಸಿಲು ಇದೆ ಅಂತ ತೋರಿಸಲು ಕೆಲವರು ಬಾಗಿಲಲ್ಲಿ ಹಸಿರುನೀಲಿ ಬಣ್ಣದ ಕುಂಬಳ ಇಡುತ್ತಾರೆ, ನಾವೂ ಒಂದು ಇಟ್ಟಿದ್ದೆವು. ಮಿಠಾಯಿ ತಟ್ಟೆ ಒಳಗೇ ಉಳಿಯಿತು. ಅಮ್ಮ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಐದೂ ಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗಿದ. ಹಿಂದಿನ ವರ್ಷ ಇದೇ ದಿನ ಹಿಮ ಬಿದ್ದಿತ್ತು, ಈ ಸಲ ಬಿದ್ದಿರಲಿಲ್ಲ. ಬಾಗಿಲಲ್ಲಿ ರಂಗೋಲಿ, ಎರಡು ಸಾಲು ಹಣತೆ, ಸರದೀಪ, ನಡುವೆ ಒಕ್ಕಣ್ಣನ ಕುಂಬಳ. ಒಳಗೆ ಲಕ್ಷ್ಮೀ ಪೂಜೆ. ಮಂಗಳಾರತಿ ಎತ್ತುವಷ್ಟರಲ್ಲಿ ಬೆಲ್ಲು. ಮತ್ತೆ ಕೂತರೆ ಮತ್ತೆ ಬೆಲ್ಲು. ಗಂಟೆ ಬಾರಿಸುವ ಕೆಲಸ ಇವತ್ತು ಹೊರಗಿನವರೇ ಮಾಡ್ತಿದ್ದಾರೆ ಅಂತ ಗಂಡ. ರಂಗೋಲಿಯ ಮೇಲೆ ಒಂದು ಡೈನೋಸಾರ್ ನಡೆದುಕೊಂಡು ಹೋಯಿತು.

ಇಲ್ಲಿ ಒಂದು ಅಲಿಖಿತ ನಿಯಮ ಇದೆ. ಮನೆ ಮುಂದೆ ದೀಪ ಉರಿಯುತ್ತಿದ್ದರೆ ಬನ್ನಿ, ಚಾಕಲೇಟು ಇದೆ ಅಂತ ಅರ್ಥ. ಆರಿಸಿದ್ದರೆ ಮುಗಿದಿದೆ, ಮುಂದಿನ ಮನೆಗೆ ಹೋಗಿ ಅಂತ. ಆ ಬೀದಿಯಲ್ಲೇ ಅತಿ ಹೆಚ್ಚು ಬೆಳಗುತ್ತಿದ್ದ ಮನೆ ನಮ್ಮದು! ಮಕ್ಕಳು ದೂರದಿಂದಲೇ ಓಡಿ ಬರುತ್ತಿದ್ದರು. ನೂರೈವತ್ತು ಚಾಕಲೇಟು ಏಳು ಗಂಟೆಗೇ ಖಾಲಿ. ಆಮೇಲೆ ಇಂಡಿಯನ್ ಅಂಗಡಿಯಿಂದ ತಂದಿದ್ದ ಪಾರ್ಲೆ-ಜಿ ಚಿಕ್ಕ ಪೊಟ್ಟಣಗಳು ಹೋದವು, ಅವೂ ಸೀಲ್ ಆಗಿದ್ದವಲ್ಲ. ಸ್ಟಿಕ್ಕರೂ ಮುಗಿಯಿತು. ಏಳೂವರೆಗೆ ನಾನು ಸ್ವಿಚ್ಚಿನ ಹತ್ತಿರ ಹೋದೆ.

“ಏನೇ ಮಾಡ್ತಿದೀಯಾ? ಲಕ್ಷ್ಮಿ ಬರೋ ಹೊತ್ತಲ್ಲಿ ಯಾರಾದ್ರೂ ದೀಪ ಆರಿಸ್ತಾರಾ?”

ಕೊಡಲು ಏನೂ ಇಲ್ಲದೆ ದೀಪ ಹಚ್ಚಿಟ್ಟುಕೊಂಡು ಕೂತರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ ಅಂತ ನಾನು. ಅಮಾವಾಸ್ಯೆ ದಿನ, ಮಗು ಇರೋ ಮನೆ ಕತ್ತಲೆ ಮಾಡಿದರೆ ಒಳ್ಳೇದಲ್ಲ ಅಂತ ಅವರು. ಇಬ್ಬರ ದನಿಯೂ ಏರಿತು, ಪುಟ್ಟಿ ಇಬ್ಬರನ್ನೂ ಪಿಳಿಪಿಳಿ ನೋಡಿದಳು. ಆಗ ನನಗೆ ಹೊಳೆಯಿತು. ತೊಂಬತ್ತರ ದಶಕದಲ್ಲಿ ಬೆಂಗಳೂರು ಕಡೆ ಒಂದು ದೆವ್ವದ ಸುದ್ದಿ ಹಬ್ಬಿತ್ತಲ್ಲ? ರಾತ್ರಿ ಗೊತ್ತಿರುವವರ ದನಿಯಲ್ಲಿ ಕೂಗಿ ಬಾಗಿಲು ಬಡಿಯುತ್ತದೆ, ತೆರೆದರೆ ಕಥೆ ಮುಗಿಯಿತು ಅಂತ. ಆಗ ಮನೆಮನೆಯ ಬಾಗಿಲ ಮೇಲೂ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ದೆವ್ವ ದಿನಾ ಬಂದು ಓದಿ, ನಾಳೆ ಬಂದರಾಯಿತು ಅಂತ ವಾಪಸ್ ಹೋಗುತ್ತದಂತೆ. ಬೆಂಗಳೂರಿನ ಅತ್ತೆ ಮನೆಗೆ ರಜೆಗೆ ಹೋದಾಗ ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಬಾಗಿಲಿಗೆ ದೆವ್ವಗಳ ಸಾಲೇ ನಿಂತಿರುವಾಗ ಇದಕ್ಕಿಂತ ಇನ್ನೇನು ಬೇಕು? ಕೆಳಗೆ ಇಂಗ್ಲಿಷಿನಲ್ಲಿ ಚಾಕಲೇಟು ಮುಗಿದಿದೆ ಅಂತ ಸೇರಿಸಿ, ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಅಮ್ಮ ಹೊರಗೆ ಹೋಗಿ ಓದಿ ಬಂದರು. ಮುಖ ಗಂಭೀರ. “ಲಕ್ಷ್ಮಿಗೂ ಕನ್ನಡ ಓದೋಕೆ ಬರತ್ತೆ ಕಣೇ.”

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಕಾಗದದ ಮೂಲೆಯಲ್ಲಿ ಸಣ್ಣದಾಗಿ ಬರೆದರು: ‘ಲಕ್ಷ್ಮಿ, ನೀನು ಇವತ್ತೇ ಬಾ.’ ಜಗಳ ಅಲ್ಲಿಗೆ ಮುಗಿಯಿತು. ದೀಪ ರಾತ್ರಿಯೆಲ್ಲ ಉರಿಯಿತು. ಪುಟ್ಟಿ ಎಂಟಕ್ಕೆ ಮಲಗಿದಳು, ಕುಲಾವಿ ಬಿಚ್ಚಲು ಬಿಡದೆ.

ಮರುದಿನ ಶುಕ್ರವಾರ, ನವೆಂಬರ್ 1. ಗಂಡ ಬೆಳಿಗ್ಗೆಯೇ ಒಕ್ಕಣ್ಣನ ಕುಂಬಳದ ಮುಚ್ಚಳಕ್ಕೆ ಚಿಕ್ಕದೊಂದು ಹಳದಿ ಕೆಂಪು ಬಾವುಟ ಸಿಕ್ಕಿಸಿದ್ದ, ರಾಜ್ಯೋತ್ಸವ ಅಲ್ವಾ. ಕಾಗದ ತೆಗೆಯುವುದು ಮರೆತುಹೋಗಿತ್ತು. ಸಂಜೆ ಬೆಲ್ಲಾಯಿತು. ಬಾಗಿಲು ತೆರೆದರೆ ಹಿಂದಿನ ಬೀದಿಯ ಕನ್ನಡದವರ ಹುಡುಗ, ಭಾನುವಾರದ ಕನ್ನಡ ತರಗತಿಗೆ ಹೋಗುವವನು. ವೇಷ ಇಲ್ಲ, ಶಾಲೆಯ ಚೀಲ ಬೆನ್ನಲ್ಲೇ ಇತ್ತು. ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ.

“ನಾ... ಳೆ... ಬಾ. ನಿನ್ನೆ ಓದಿ ಹೋಗಿದ್ದೆ ಆಂಟಿ. ಅದಕ್ಕೆ ಬಂದೆ.”

ಅಮ್ಮ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. ನಾನು ತಿರುಗುವಷ್ಟರಲ್ಲಿ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದುಕೊಂಡು ಬಂದಾಗಿತ್ತು. ಅವನು ಎರಡು ತಿಂದ, ಎರಡು ಜೇಬಿಗೆ ಹಾಕಿಕೊಂಡ. ಆಮೇಲೆ ಕೆಳಗಿನ ಸಣ್ಣ ಅಕ್ಷರ ಓದಲು ಬಗ್ಗಿ, “ಲಕ್ಷ್ಮಿ ಅಂದ್ರೆ ಈ ಪಾಪು ಹೆಸರಾ?” ಅಂತ ಕೇಳಿದ.