ಹಿಟ್ಲರ್ ಇನ್ನು 13 ನಿಮಿಷ ಮಾತಾಡಿದ್ದರೆ?

ಎರಡನೇ ಮಹಾಯುದ್ಧದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಯಾರಾದರೂ ಕೈ ಎತ್ತಿ ಇದನ್ನೇ ಕೇಳುತ್ತಾರೆ: “ಸರ್, ಹಿಟ್ಲರ್‌ನನ್ನು ಯಾರಾದರೂ ಮೊದಲೇ ಕೊಂದಿದ್ದರೆ ಏನಾಗುತ್ತಿತ್ತು?” ಪಿಯುಸಿ ಹುಡುಗರೂ ಕೇಳುತ್ತಾರೆ, ನಿವೃತ್ತ ಮೇಷ್ಟ್ರೂ ಕೇಳುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿರುವುದು 1944ರ ಜುಲೈ 20, ಕರ್ನಲ್ ಸ್ಟೌಫೆನ್‌ಬರ್ಗ್ ಚೀಲದಲ್ಲಿ ಬಾಂಬ್ ಹೊತ್ತುಕೊಂಡು ಹೋದ ದಿನ. ನನಗೆ ಅದು ತೀರ ತಡವಾದ ದಿನ. ನಾಜಿಗಳು ಕೊಂದ ಯಹೂದಿಗಳಲ್ಲಿ ಬಹುಪಾಲು ಜನ ಅಷ್ಟು ಹೊತ್ತಿಗೆ ಸತ್ತುಹೋಗಿದ್ದರು. ಹಾಗಾಗಿ ನಾನು ಉತ್ತರ ಶುರು ಮಾಡುವುದು 1939ರ ನವೆಂಬರ್ 8ರ ರಾತ್ರಿಯಿಂದ, ಗಿಯೋರ್ಗ್ ಎಲ್ಸರ್ ಎಂಬ ಬಡಗಿಯಿಂದ.

ಎಲ್ಸರ್ ದಕ್ಷಿಣ ಜರ್ಮನಿಯ ಕೋನಿಗ್ಸ್‌ಬ್ರಾನ್ ಎಂಬ ಊರಿನವನು. ಅವನ ಹಿಂದೆ ಯಾವ ಸಂಘಟನೆಯೂ ಇರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಕೂಲಿ ಇಳಿದದ್ದನ್ನು, ಕೆಲಸಗಾರರ ಬಾಯಿ ಕಟ್ಟಿದ್ದನ್ನು ನೋಡಿದ್ದ. 1938ರ ಶರತ್ಕಾಲದಲ್ಲಿ, ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದವಾಗಿ ಯುರೋಪೆಲ್ಲ ಶಾಂತಿ ಬಂತೆಂದು ನಿಟ್ಟುಸಿರು ಬಿಡುವಾಗ, ಇವನಿಗೆ ಮಾತ್ರ ಯುದ್ಧ ಬಂದೇ ಬರುತ್ತದೆ ಅನ್ನಿಸಿತು. 1923ರ ವಿಫಲ ದಂಗೆಯ ನೆನಪಿಗೆ ಹಿಟ್ಲರ್ ಪ್ರತಿವರ್ಷ ಮ್ಯೂನಿಕ್‌ನ ಬ್ಯೂರ್ಗರ್‌ಬ್ರಾಯ್‌ಕೆಲರ್ ಎಂಬ ಬಿಯರ್ ಸಭಾಂಗಣದಲ್ಲಿ ಭಾಷಣ ಮಾಡುತ್ತಿದ್ದ. ಎಲ್ಸರ್ ಆ ನವೆಂಬರ್‌ನಲ್ಲೇ ಹೋಗಿ ಜಾಗ ನೋಡಿಕೊಂಡು ಬಂದ. ಆಮೇಲೆ ಸ್ಫೋಟಕ ಸಿಗಲೆಂದೇ ಕಲ್ಲುಕ್ವಾರಿಯಲ್ಲಿ ಕೆಲಸಕ್ಕೆ ಸೇರಿದ.

ಮುಂದಿನದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1939ರ ಆಗಸ್ಟ್‌ನಿಂದ ಸುಮಾರು 30 ರಾತ್ರಿ ಅವನು ಅಲ್ಲಿ ಊಟ ಮಾಡಿ, ಮೇಲಿನ ಅಂತಸ್ತಿನಲ್ಲಿ ಅವಿತು, ಬಾಗಿಲು ಹಾಕಿದ ಮೇಲೆ ಹೊರಬಂದು, ವೇದಿಕೆಯ ಹಿಂದಿನ ಕಂಬವನ್ನು ಕೊರೆದ. ಕಂಬಕ್ಕೆ ಹೊದಿಸಿದ್ದ ಮರದ ಹಲಗೆಯನ್ನು ಕತ್ತರಿಸಿ, ಯಾರ ಕಣ್ಣಿಗೂ ಬೀಳದ ಪುಟ್ಟ ಬಾಗಿಲು ಮಾಡಿದ. ಬಡಗಿಯ ಕೈಯಲ್ಲದೆ ಬೇರೆಯವರಿಗೆ ಅದು ಆಗುತ್ತಿರಲಿಲ್ಲ. ಉದುರಿದ ಇಟ್ಟಿಗೆ ಪುಡಿಯನ್ನು ಚೀಲದಲ್ಲಿ ತುಂಬಿ ಹೊರಗೆ ಸಾಗಿಸಿದ. ಬಾಂಬ್‌ಗೆ ಜೋಡಿಸಿದ ಗಡಿಯಾರದ ಟಿಕ್ ಟಿಕ್ ಕೇಳಬಾರದೆಂದು ಒಳಗೆ ಕಾರ್ಕ್ ಹೊದಿಸಿದ. ಮಂಡಿಯೂರಿ ಕೆಲಸ ಮಾಡಿ ಮಂಡಿಗಳು ಕೀವು ತುಂಬಿ ಊದಿಕೊಂಡವು. ಮುಂದೆ ಪೊಲೀಸರಿಗೆ ಸುಳಿವು ಕೊಟ್ಟದ್ದೂ ಆ ಮಂಡಿಗಳೇ.

ಬಾಂಬ್ ಸಿಡಿದದ್ದು ಗೊತ್ತುಮಾಡಿದ ಹೊತ್ತಿಗೇ, ರಾತ್ರಿ 9:20ಕ್ಕೆ. ಆದರೆ ಮಂಜು ಕವಿಯುವ ಮುನ್ಸೂಚನೆ ಇದ್ದುದರಿಂದ ಹಿಟ್ಲರ್ ವಿಮಾನ ಬಿಟ್ಟು ರೈಲಿನಲ್ಲಿ ಬರ್ಲಿನ್‌ಗೆ ಮರಳಬೇಕಿತ್ತು. ರೈಲಿನ ವೇಳೆಗೆ ತಕ್ಕಂತೆ ಭಾಷಣ ಬೇಗ ಶುರುವಾಗಿ ಬೇಗ ಮುಗಿದು, 9:07ಕ್ಕೆ ಅವನು ಎದ್ದು ಹೋಗಿದ್ದ. 8 ಜನ ಸತ್ತರು. ಅವರಲ್ಲಿ ಒಬ್ಬಳು ಅಲ್ಲಿ ಕೆಲಸಕ್ಕಿದ್ದ ಪರಿಚಾರಿಕೆ. ಅವಳನ್ನು ಮರೆತು ಎಲ್ಸರ್‌ನ ಕಥೆ ಹೇಳುವುದು ಸರಿಯಲ್ಲ ಎಂದು ನಾನು ನಂಬಿದ್ದೇನೆ. ಎಲ್ಸರ್ ಅಷ್ಟರಲ್ಲಾಗಲೇ ಸ್ವಿಟ್ಜರ್‌ಲೆಂಡ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದ. ಜೇಬಿನಲ್ಲಿ ಅದೇ ಬಿಯರ್ ಸಭಾಂಗಣದ ಚಿತ್ರವಿದ್ದ ಅಂಚೆ ಕಾರ್ಡು. ಅವನನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿಟ್ಟು, 1945ರ ಏಪ್ರಿಲ್ 9ರಂದು ಡಾಖಾವ್ ಶಿಬಿರದಲ್ಲಿ ಕೊಂದರು. ಹಿಟ್ಲರ್ ಸತ್ತದ್ದು ಅದಾದ ಮೂರೇ ವಾರಕ್ಕೆ.

ಇನ್ನು ಪ್ರಶ್ನೆಗೆ ಬರೋಣ. ಆ 13 ನಿಮಿಷ ಹಿಟ್ಲರ್ ಅಲ್ಲೇ ನಿಂತಿದ್ದರೆ?

“ಅವನಲ್ಲದಿದ್ದರೆ ಇನ್ನೊಬ್ಬ ಬರುತ್ತಿದ್ದ” ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬರಬೇಕಾಗಿದ್ದ ಇನ್ನೊಬ್ಬ ಯಾರೆಂಬುದು ನಮಗೆ ಗೊತ್ತೇ ಇದೆ. ಯುದ್ಧ ಶುರುವಾದ ಸೆಪ್ಟೆಂಬರ್ 1ರಂದೇ ಹಿಟ್ಲರ್ ತನ್ನ ನಂತರ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಎಂದು ಸಾರಿದ್ದ. ಆ ರಾತ್ರಿ ಗೋರಿಂಗ್ ಸಭಾಂಗಣದಲ್ಲಿ ಇರಲಿಲ್ಲ. ಪ್ರಚಾರ ಮಂತ್ರಿ ಗೋಬೆಲ್ಸ್, ಪೊಲೀಸ್ ಮುಖ್ಯಸ್ಥ ಹಿಮ್ಲರ್ ಇಬ್ಬರೂ ಇದ್ದರು. ಗೋರಿಂಗ್ ಒಳ್ಳೆಯವನೇನಲ್ಲ. ಗೆಸ್ಟಾಪೊ ಎಂಬ ರಹಸ್ಯ ಪೊಲೀಸ್ ಪಡೆ ಕಟ್ಟಿದವನು, 1938ರಲ್ಲಿ ಯಹೂದಿಗಳ ಮೇಲೆ ನೂರು ಕೋಟಿ ಮಾರ್ಕ್ ದಂಡ ಹೇರಿದವನು. ಆದರೆ ಬ್ರಿಟನ್ ಜೊತೆ ಯುದ್ಧ ಅವನಿಗೆ ಬೇಡವಾಗಿತ್ತು. ಆಗಸ್ಟ್‌ನಲ್ಲಿ ಸ್ವೀಡನ್‌ನ ಉದ್ಯಮಿ ಡಾಲೆರಸ್ ಮೂಲಕ ಲಂಡನ್ನಿಗೆ ಮಾತು ಕಳಿಸುತ್ತಿದ್ದ. ಸೇನಾಪತಿಗಳೂ ಹಿಂಜರಿಯುತ್ತಿದ್ದರು. ಪಶ್ಚಿಮದ ದಾಳಿಗೆ ನವೆಂಬರ್ 12 ಎಂದು ದಿನ ಗೊತ್ತಾಗಿದ್ದಾಗ, 5ರಂದು ಸೇನಾ ಮುಖ್ಯಸ್ಥ ಬ್ರೌಖಿಚ್ ಹೋಗಿ ಬೇಡವೆಂದು ವಾದಿಸಿ, ಹಿಟ್ಲರ್‌ನಿಂದ ಬೈಸಿಕೊಂಡು ಬಂದಿದ್ದ. ದಾಳಿಯೇ ಆಗಬೇಕೆಂದು ಹಟ ಹಿಡಿದಿದ್ದವನು ಹಿಟ್ಲರ್.

ಅವನಿಲ್ಲದೆಯೂ ದಾಳಿ ಆಗುತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಸೇನೆಯ ಮೂಲ ಯೋಜನೆ ಬೆಲ್ಜಿಯಂ ಕಡೆಯಿಂದ ನುಗ್ಗುವುದು, ಫ್ರೆಂಚರು ಕಾದು ಕುಳಿತಿದ್ದೂ ಅಲ್ಲೇ. ಆರ್ಡೆನ್ ಕಾಡಿನೊಳಗಿಂದ ಟ್ಯಾಂಕ್ ನುಗ್ಗಿಸುವ ಸೇನಾನಿ ಮಾನ್‌ಸ್ಟೈನ್‌ನ ಉಪಾಯ ಗೆದ್ದದ್ದು 1940ರ ಫೆಬ್ರವರಿಯಲ್ಲಿ ಹಿಟ್ಲರ್ ಅದನ್ನು ಮೆಚ್ಚಿದ ಮೇಲೆ. ಅವನಿಲ್ಲದಿದ್ದರೆ ಫ್ರಾನ್ಸ್ ಆರು ವಾರದಲ್ಲಿ ಬೀಳುತ್ತಿರಲಿಲ್ಲ. ಫ್ರಾನ್ಸ್ ಬೀಳದೆ ರಷ್ಯಾದ ಮೇಲೆ ಏರಿಹೋಗುವ ಧೈರ್ಯ ಬರ್ಲಿನ್ನಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಯಹೂದಿಗಳ ಸಾಮೂಹಿಕ ಕೊಲೆ ಆ ಪ್ರಮಾಣ ಮುಟ್ಟಿದ್ದು 1941ರ ರಷ್ಯಾ ದಾಳಿಯ ನಂತರ. 60 ಲಕ್ಷ ಯಹೂದಿಗಳು, ಎರಡೂವರೆ ಕೋಟಿಗೂ ಹೆಚ್ಚು ಸೋವಿಯತ್ ಜನ: ಆ ನವೆಂಬರ್ ರಾತ್ರಿ ಇವರಲ್ಲಿ ಬಹುತೇಕ ಎಲ್ಲರೂ ಬದುಕಿದ್ದರು.

ಪೋಲೆಂಡಿಗೆ ಮಾತ್ರ ಆ ಬಾಂಬ್ ತಡವಾಗಿಯೇ ಹೋಗಿತ್ತು. ಎರಡೇ ದಿನದ ಹಿಂದೆ ಕ್ರಾಕೋವ್ ವಿಶ್ವವಿದ್ಯಾಲಯದಲ್ಲಿ 180ಕ್ಕೂ ಹೆಚ್ಚು ಅಧ್ಯಾಪಕರನ್ನು ಒಂದೇ ಮಧ್ಯಾಹ್ನ ಹಿಡಿದೊಯ್ದಿದ್ದರು. ಗೋರಿಂಗ್ ಜೊತೆ ಯಾವ ಸಂಧಿಯಾಗಿದ್ದರೂ ಅದರ ಬೆಲೆ ತೆರಬೇಕಾಗಿದ್ದವರು ಪೋಲೆಂಡಿನ ಜನ.

ಬಲವಾದ ಆಕ್ಷೇಪಣೆ ಒಂದಿದೆ. ಮೊದಲನೇ ಮಹಾಯುದ್ಧದ 1918ರ ಸೋಲಿಗೆ ಮನೆಯವರೇ ಬೆನ್ನಿಗೆ ಹಾಕಿದ ಚೂರಿ ಕಾರಣ ಎಂದು ನಂಬಿದ್ದ ದೇಶ ಅದು. ಗೆಲುವಿನ ತುದಿಯಲ್ಲಿ ಸತ್ತ ಹಿಟ್ಲರ್ ಹುತಾತ್ಮನಾಗುತ್ತಿದ್ದ, ಜರ್ಮನ್ನರು ಇಂದಿಗೂ ಅವನನ್ನು ಪೂಜಿಸುತ್ತಿದ್ದರೇನೋ, ಬದುಕಿ ಸೋತದ್ದರಿಂದಲೇ ಅವರಿಗೆ ಬುದ್ಧಿ ಬಂತು ಎನ್ನುತ್ತಾರೆ. ಇದನ್ನು ನಾನು ತಳ್ಳಿಹಾಕುವುದಿಲ್ಲ, ಹಾಗೆ ಆಗುವ ಸಾಧ್ಯತೆ ನಿಜಕ್ಕೂ ಇತ್ತು. ಆದರೆ ಜರ್ಮನಿ ಪಾಠ ಕಲಿಯಲೆಂದು ಬೆಲಾರೂಸ್‌ನ ಹಳ್ಳಿಯವರು, ವಾರ್ಸಾದ ಮಕ್ಕಳು ಯಾಕೆ ಸಾಯಬೇಕಿತ್ತು? ಹಿಟ್ಲರ್‌ನ ಹೆಸರಿಗೆ ಗುಡಿ ಕಟ್ಟಿದ ಜರ್ಮನಿಯನ್ನು ಸಹಿಸಿಕೊಳ್ಳಬಹುದಿತ್ತು. ತನ್ನ ಕೆಲಸದಿಂದ ಇನ್ನೂ ದೊಡ್ಡ ರಕ್ತಪಾತ ತಪ್ಪಿಸಬೇಕೆಂದಿದ್ದೆ ಎಂದು ಎಲ್ಸರ್ ವಿಚಾರಣೆಯಲ್ಲಿ ಹೇಳಿದ್ದ. ಅಷ್ಟು ಸರಳವಾಗಿ, ಅಷ್ಟು ಸರಿಯಾಗಿ ಆ ಕಾಲದ ಎಷ್ಟು ಪಂಡಿತರು ಹೇಳಿದ್ದರು?

ಇಷ್ಟಾದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: “ಹಾಗಾದರೆ ನಮಗೆ 1947ರಲ್ಲಿ ಸ್ವಾತಂತ್ರ್ಯ ಸಿಗುತ್ತಿತ್ತಾ ಸರ್?”

ಬಹುಶಃ ಇಲ್ಲ. ಆರು ವರ್ಷದ ಯುದ್ಧದಲ್ಲಿ ಸಾಲಗಾರನಾದ ಬ್ರಿಟನ್‌ಗೆ ಇಲ್ಲಿ ಉಳಿಯುವ ಶಕ್ತಿ ಇರಲಿಲ್ಲ. ದಣಿಯದ ಬ್ರಿಟನ್ ಇನ್ನಷ್ಟು ವರ್ಷ ಎಳೆದಾಡುತ್ತಿತ್ತು. (ಯುದ್ಧದ ಒತ್ತಡವಿಲ್ಲದಿದ್ದರೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ 1940ರಲ್ಲಿ ಹುಟ್ಟುತ್ತಿರಲಿಲ್ಲ.) ಹೀಗೆಂದಾಗ ಕೆಲವರ ಮುಖ ಬಾಡುತ್ತದೆ. ಆಗ ನಾನು ಇನ್ನೊಂದು ಎಳೆ ಹಿಡಿದು ತೋರಿಸುತ್ತೇನೆ. ಫ್ರಾನ್ಸ್ ಬಿದ್ದದ್ದರಿಂದ ಅದರ ಇಂಡೋಚೀನಾ ಅನಾಥವಾಯಿತು, 1940ರ ಸೆಪ್ಟೆಂಬರ್‌ನಲ್ಲಿ ಜಪಾನ್ ಅಲ್ಲಿ ಕಾಲಿಟ್ಟಿತು. 1942ರಲ್ಲಿ ಬರ್ಮಾ ಜಪಾನಿನ ಕೈ ಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನೀಯರು ಬಂದಾರೆಂಬ ಭಯದಲ್ಲಿ ಸರ್ಕಾರ ಬಂಗಾಳದ ಜನರ ದೋಣಿಗಳನ್ನು ಕಿತ್ತುಕೊಂಡಿತು. ಮೇಲೆ ಚಂಡಮಾರುತ, ಯುದ್ಧದ ಖರ್ಚಿಗೆ ಏರಿದ ಬೆಲೆ, ಆಳುವವರ ಕಲ್ಲೆದೆ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ರೋಗಗಳಿಂದ ಸತ್ತರು.

ನಾಲ್ಕೈದು ವರ್ಷ ತಡವಾಗಿಯಾದರೂ ಅವರಲ್ಲಿ ಎಷ್ಟೋ ಜನ ಸ್ವತಂತ್ರ ಭಾರತವನ್ನು ನೋಡುತ್ತಿದ್ದರು. ಆರಿಸಿಕೋ ಎಂದಿದ್ದರೆ ನಾನು ಆ ತಡವನ್ನೇ ಆರಿಸಿಕೊಳ್ಳುತ್ತಿದ್ದೆ.