‘ಇದು ಯಾವ ವರ್ಷದ ಫೋರ್ಡ್ ಸಾರ್?’

ಹಳೇ ಕಾರಿನ ಫೋಟೋ ಕಳಿಸಿ ಹೀಗೆ ಕೇಳುವವರಿಗೆಲ್ಲ ಇದೊಂದೇ ಉತ್ತರ. ಮೊದಲಿಗೆ, ಅದು ಫೋರ್ಡ್ ಅಂತ ನಿಮಗೆ ಹೇಳಿದವರು ಯಾರು? 1908ರಿಂದ 1927ರ ತನಕ ಫೋರ್ಡಿನ ಮಾಡೆಲ್ ಟಿ ಕಾರುಗಳು ಒಂದೂವರೆ ಕೋಟಿ ತಯಾರಾದವು, ನಿಜ. ಹಾಗಂತ ಕಪ್ಪುಬಿಳುಪಿನಲ್ಲಿ ಕಂಡ ಗಾಡಿಯೆಲ್ಲ ಫೋರ್ಡ್ ಆಗಿಬಿಡುತ್ತದೆಯೇ? ಇನ್ನು, ತಾತನ ಮುಖ ದೊಡ್ಡದಾಗಿ ಕಾಣಲಿ ಅಂತ ಚಕ್ರ, ನಂಬರ್ ಪ್ಲೇಟು ಎಲ್ಲ ಕತ್ತರಿಸಿ ಕಳಿಸಿದರೆ ನಾನು ಏನನ್ನು ನೋಡಲಿ? ಬಾಡಿ ನಂಬಲು ಬರುವುದಿಲ್ಲ. ಆಗ ಎಷ್ಟೋ ಕಂಪನಿಗಳು ಬರೀ ಚಾಸಿ, ಅಂದರೆ ಎಂಜಿನ್ನು ಚಕ್ರ ಕೂತ ಚೌಕಟ್ಟು ಮಾರುತ್ತಿದ್ದವು, ಬಾಡಿ ಕಟ್ಟುವವರೇ ಬೇರೆ.

ಒಂದು ಮದುವೆಮನೆಯಲ್ಲಿ, ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ದೊಡ್ಡಪ್ಪ ಮೊಬೈಲನ್ನು ಕಣ್ಣಿಗೇ ಹಿಡಿದರು. ಮಗ ಜರ್ಮನಿಯ ಸಂತೆಯಲ್ಲಿ ಕೊಂಡ ಪೋಸ್ಟ್‌ಕಾರ್ಡಂತೆ. ಮೂರು ಚಕ್ರ, ಮುಂದಿನ ಒಂಟಿ ಚಕ್ರದ ನೆತ್ತಿ ಮೇಲೆ ಎಂಜಿನ್, ಸ್ಟೀರಿಂಗ್ ಬದಲು ಉದ್ದನೆಯ ಹಿಡಿ. ‘ಕಂಪ್ಯೂಟರಲ್ಲಿ ಮಾಡಿದ್ದು ಕಣೋ, ಹೀಗೂ ಗಾಡಿ ಇರುತ್ತಾ?’

ಇರುತ್ತೆ ದೊಡ್ಡಪ್ಪ. ಈ ಮಾದರಿಯ ಗಾಡಿ ಅಂದರೆ ಎರಡು ಹೆಸರು ನೆನಪಿಗೆ ಬರಬೇಕು: ಬರ್ಲಿನ್ನಿನ ಸೈಕ್ಲೊನೆಟ್, ಜರ್ಮನಿಯದೇ ಇನ್ನೊಂದು ಊರು ಜಿಟ್ಟಾವಿನ ಫೆನೊಮೊಬಿಲ್. ಯಾವುದೆಂದು ತಿಳಿಯಲು ಎಂಜಿನ್ನಿನ ಸಿಲಿಂಡರ್ ಎಣಿಸಬೇಕು. ಸೈಕ್ಲೊನೆಟ್ ಎರಡರ ಮೇಲೆ ಹೋಗಲಿಲ್ಲ. ಫೆನೊಮೊಬಿಲ್‌ಗೆ 1912ರ ಹೊತ್ತಿಗೆ ನಾಲ್ಕು ಬಂದವು. ಚಿತ್ರದಲ್ಲಿ ನಾಲ್ಕು ಸ್ಪಷ್ಟವಾಗಿದ್ದವು, ಅಂದರೆ ಫೆನೊಮೊಬಿಲ್. ಪ್ಲೇಟಿನ ಮೇಲೆ ‘ಐಎ’ ಇತ್ತು. ಅದು ಬರ್ಲಿನ್ ನೋಂದಣಿ. ‘ಹಾಗಾದರೆ ಬರ್ಲಿನ್‌ದೇ!’ ಅಂದರು. ಅಲ್ಲ, ಪ್ಲೇಟು ಹೇಳುವುದು ಗಾಡಿ ಎಲ್ಲಿನದಾಗಿ ದಾಖಲಾಗಿತ್ತು ಅಂತ, ಎಲ್ಲಿ ಹುಟ್ಟಿತು ಅಂತಲ್ಲ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ‘ಈಗ ಎಷ್ಟಕ್ಕೆ ಹೋಗುತ್ತೋ?’ ಎಂಬ ಪ್ರಶ್ನೆ ಬಂತು. ಪೋಸ್ಟ್‌ಕಾರ್ಡಿನ ಬೆಲೆಯೋ ಗಾಡಿಯದೋ, ನಾನು ಕೇಳಲಿಲ್ಲ.

ಎಂಜಿನ್ ಅಲ್ಲೇಕೆ ಕೂತಿದೆ ಅಂತ ಒಬ್ಬರಾದರೂ ಕೇಳಬಾರದೇ? ಹಿಂದಿನ ಎರಡು ಚಕ್ರಗಳನ್ನು ಎಂಜಿನ್ ತಿರುಗಿಸಬೇಕಾದರೆ, ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡುವುದರಿಂದ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಬೇಕು, ಅಲ್ಲಿಯ ತನಕ ಶಕ್ತಿ ಸಾಗಿಸಲು ಉದ್ದದ ಚೈನೋ ಶಾಫ್ಟೋ ಬೇಕು. ಮುಂದಿನ ಒಂದೇ ಚಕ್ರ ತಿರುಗಿಸಿದರೆ ಇದ್ಯಾವುದೂ ಬೇಡ. ಗಿಡ್ಡ ಚೈನು ಸಾಕು, ಹಿಂದೆ ಕುದುರೆಗಾಡಿಗಿದ್ದಂಥ ಸಾದಾ ಅಚ್ಚು. ಬದಲಿಗೆ, ಹಿಡಿ ತಿರುಗಿಸಿದಾಗಲೆಲ್ಲ ಚಕ್ರದ ಜೊತೆ ಇಡೀ ಎಂಜಿನ್ನೂ ತಿರುಗಬೇಕು. ಲೆಕ್ಕ ಹಾಕಿಯೇ ಮಾಡಿದ ಗಾಡಿ ಅದು, ವಿಚಿತ್ರ ಅಂತ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಎಂಟು ಚಕ್ರದ ಆಕ್ಟೊಆಟೋ ಚಿತ್ರವನ್ನೂ ಹೀಗೇ ನಗುತ್ತಾ ಕಳಿಸುತ್ತಾರೆ. 1911ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಮಿಲ್ಟನ್ ರೀವ್ಸ್ ಓವರ್‌ಲ್ಯಾಂಡ್ ಕಾರಿಗೆ ಹೆಚ್ಚಿನ ಚಕ್ರ ಜೋಡಿಸಿ ಮಾಡಿದ್ದು. ಅಂದಿನ ರಸ್ತೆ, ಅಂದಿನ ಟೈರು ಎರಡೂ ಕೆಟ್ಟವು. ಭಾರ ಎಂಟು ಕಡೆ ಹಂಚಿದರೆ ಕುಲುಕಾಟ ಕಡಿಮೆ ಅನ್ನುವುದು ಅವನ ವಾದ. ಕೊಳ್ಳುವವರು ಸಿಗಲಿಲ್ಲ. ಮರುವರ್ಷ ಆರು ಚಕ್ರದ್ದು ಮಾಡಿದ, ಅದಕ್ಕೂ ಸಿಗಲಿಲ್ಲ. ಆದರೆ ಅವನು ಪರಿಹಾರ ಹುಡುಕುತ್ತಿದ್ದ ಸಮಸ್ಯೆ ನಿಜವಾದದ್ದೇ.