ಮರಿಗೆಯ ಬದಿಯ ಕಾಗೆ ಸಂಸಾರ

ಕಾಸರಗೋಡು ಪೇಟೆಯಲ್ಲಿ ಬೂದು ಕುತ್ತಿಗೆಯ ಊರುಕಾಗೆಗಳದ್ದೇ ದರ್ಬಾರು. ಬದಿಯಡ್ಕ ಕಡೆಯ ನಮ್ಮ ಅಡಿಕೆ ತೋಟಕ್ಕೆ ಬರುವುದು ಮೈಯೆಲ್ಲ ಕಪ್ಪಾದ, ದಪ್ಪ ಕೊಕ್ಕಿನ ಕಾಡುಕಾಗೆ. ಅಂಗಳದಾಚೆಯ ಕಾಟು ಮಾವಿನ ಮರದಲ್ಲಿ ಅದರದೊಂದು ಜೋಡಿ ಸಂಸಾರ ಹೂಡಿದೆ.

ಗಂಡು ಹೆಣ್ಣು ನೋಡಲಿಕ್ಕೆ ಒಂದೇ ಥರ. ಗೂಡಿನಲ್ಲಿ ಕಾವಿಗೆ ಕೂತದ್ದು ಯಾವುದೆಂದು ಕಂಡ ಮೇಲೆ ನನಗೆ ಗುರುತು ಸಿಕ್ಕಿತು: ಹೆಣ್ಣಿನ ಎಡ ರೆಕ್ಕೆಯ ಒಂದು ಗರಿ ಅರ್ಧಕ್ಕೆ ಮುರಿದಿದೆ. ಬೆಳಗ್ಗೆ ದನಕ್ಕೆ ಅಕ್ಕಚ್ಚು ಕೊಡುವ ಹೊತ್ತಿಗೆ ಗಂಡು ಹಾಜರು. ನಿನ್ನೆಯ ಗಟ್ಟಿಯಾದ ರೊಟ್ಟಿ ಇಟ್ಟರೆ ಹಾಗೇ ನುಂಗುವುದಿಲ್ಲ. ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿ, ಅಂದರೆ ಮರಿಗೆಯ ಅಂಚಿಗೆ ಒಯ್ದು ನೀರಿಗೆ ಅದ್ದಿ, ಮೆತ್ತಗಾಯಿತೋ ಎಂದು ಕೊಕ್ಕಿನಲ್ಲಿ ಒತ್ತಿ ನೋಡಿ, ಮತ್ತೊಮ್ಮೆ ಅದ್ದುತ್ತದೆ. ಅನ್ನವಾದರೆ ಗಂಟಲೊಳಗೆ ತುಂಬಿಕೊಂಡು, ಗದ್ದದ ಕೆಳಗೆ ಉಬ್ಬಿಸಿಕೊಂಡೇ ಗೂಡಿಗೆ ಹಾರುತ್ತದೆ. ಹೊಟ್ಟೆ ತುಂಬಿದ ದಿನ ಉಳಿದದ್ದನ್ನು ಹಟ್ಟಿಯ ಹಂಚಿನ ಸಂದಿಯಲ್ಲಿ ತುರುಕಿ, ಮೇಲೆ ಒಣಎಲೆ ಮುಚ್ಚಿ ಹೋಗುತ್ತದೆ. ನಮ್ಮ ಗಿಡ್ಡ ತಳಿಯ ಹಸುವಿಗೂ ಇದರ ಸಲಿಗೆ ಇದೆ. ಕಾಗೆ ಬೆನ್ನ ಮೇಲೆ ಕೂತರೆ ಕಿವಿಯನ್ನು ಒಂದು ಬದಿಗೆ ಚಾಚಿ ಸುಮ್ಮನೆ ನಿಲ್ಲುತ್ತದೆ, ಕಿವಿಯೊಳಗಿನ ಉಣ್ಣಿಯನ್ನು ಕಾಗೆ ಒಂದೊಂದಾಗಿ ಹೆಕ್ಕುತ್ತದೆ.

ನನ್ನ ಮೇಲೆ ನಂಬಿಕೆ ಬರಲು ತುಂಬ ಕಾಲ ಹಿಡಿಯಿತು. ಅದು ಸರಿಯೇ. ಯಾರನ್ನು ನಂಬಬೇಕೆಂಬುದು ಅವುಗಳ ತೀರ್ಮಾನ. ಅಡಿಕೆ ಗೊನೆ ಇಳಿಸಲು, ಅಂದರೆ ಕೊನೆ ತೆಗೆಯಲು ಬರುವ ಅಣ್ಣ ಒಮ್ಮೆ ಮಾವಿನ ಮರ ಹತ್ತಿ ಗೂಡಿನ ಹತ್ತಿರ ಹೋದರು. ಆಮೇಲೆ ತಲೆಗೆ ಹಾಳೆಟೊಪ್ಪಿ ಮುಟ್ಟಾಳೆ ಇಟ್ಟು ಬಂದರೂ, ತೆಗೆದು ಬಂದರೂ ಅವರ ತಲೆಯ ಮೇಲೆಯೇ ಹಾರಾಟ. ಜೊತೆಗಿದ್ದವರನ್ನು ಮುಟ್ಟಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕರು 2006ರಲ್ಲಿ ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟಿದ್ದರು. ಎಷ್ಟೋ ವರ್ಷಗಳ ನಂತರವೂ ಅಲ್ಲಿಯ ಕಾಗೆಗಳು ಅದೇ ಮುಖವಾಡ ಕಂಡರೆ ಕೂಗಿ ಅಟ್ಟಿಸಿಕೊಂಡು ಬರುತ್ತಿದ್ದವು. ನಮ್ಮ ಅಂಗಳದಲ್ಲಿ ಇದನ್ನು ಕಂಡವರಿಗೆ ಅದೇನೂ ಹೆಚ್ಚಲ್ಲ ಅನ್ನಿಸುತ್ತದೆ.

ಇಂಥ ಜಾಣ ಹಕ್ಕಿಯ ಗೂಡಿಗೂ ಕೋಗಿಲೆ ಬಂತು. ಗಂಡು ಕೋಗಿಲೆ ಎದುರಿನ ಹಲಸಿನ ಮರದಲ್ಲಿ ಕೂತು ಕೂಗತೊಡಗಿತು. ಕಾಗೆಗಳೆರಡೂ ಅದನ್ನು ಅಟ್ಟಿಸಿಕೊಂಡು ಹೋದವು. ಚುಕ್ಕಿಚುಕ್ಕಿ ಮೈಯ ಹೆಣ್ಣು ಕೋಗಿಲೆ ಗೂಡಿನ ಕಡೆಯಿಂದ ಹಾರಿದ್ದನ್ನು ಜಗಲಿಯಲ್ಲಿ ನಿಂತು ನಾನೇ ನೋಡಿದೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಬೇಗ ಒಡೆಯುತ್ತದೆ. ಆದರೆ ಬೇರೆ ಕೆಲವು ಜಾತಿಯ ಕೋಗಿಲೆಗಳ ಹಾಗೆ ಮನೆಯ ಮಕ್ಕಳನ್ನು ಹೊರಗೆ ದೂಡುವ ಪದ್ಧತಿ ನಮ್ಮ ಊರಿನ ಈ ಕೋಗಿಲೆಗೆ ಸಾಮಾನ್ಯವಾಗಿ ಇಲ್ಲ. ಮರಿಗಳು ಅಂಗಳಕ್ಕೆ ಇಳಿದ ದಿನ ಮೂರೂ ಒಟ್ಟಿಗೇ ಇದ್ದವು: ಎರಡು ಕಾಗೆಮರಿ, ಜೊತೆಗೆ ಬಾಲ ಉದ್ದದ, ಕೊಕ್ಕು ಚಿಕ್ಕದಾದ, ರೆಕ್ಕೆಯಲ್ಲಿ ಬಿಳಿಚುಕ್ಕಿಯ ಇನ್ನೊಂದು. ಮೂರರ ಬಾಯೂ ತೆರೆದೇ. ಮುರಿದ ಗರಿಯ ತಾಯಿ ಮರಿಗೆಯಲ್ಲಿ ಅದ್ದಿದ ರೊಟ್ಟಿಯ ಮೊದಲ ತುಂಡನ್ನು ಹಾಕಿದ್ದು ಆ ಚುಕ್ಕಿಮರಿಯ ಬಾಯಿಗೆ.

"ಪಾಪ, ಮರುಳು ಜೀವ. ಯಾರದೋ ಮಗುವನ್ನು ಸಾಕುತ್ತದೆ" ಅಂದರು ಅತ್ತೆ.

"ಮರುಳೇನಲ್ಲ ಅತ್ತೆ, ಹಸಿದ ಬಾಯಿ ಕಂಡಿತು, ಕೊಟ್ಟಿತು" ಅಂದೆ. ಕೊನೆ ತೆಗೆಯುವ ಅಣ್ಣನ ಮುಖ ನೆನಪಿಡುವ, ಹಂಚಿನಡಿ ಬಚ್ಚಿಟ್ಟದ್ದನ್ನು ಮರೆಯದ ಹಕ್ಕಿಯನ್ನು ದಡ್ಡ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಗೆಯನ್ನು ಇಲಿ, ಬಾವಲಿಗಳ ಸಾಲಿಗೆ ಸೇರಿಸಿ ಉಪದ್ರವಿ ಎಂದಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಚುಕ್ಕಿಮರಿ ಒಂದು ದಿನ ತೋಟದಾಚೆ ಹೋದದ್ದು ಮತ್ತೆ ಬರಲಿಲ್ಲ. ಕಾಗೆಮರಿಗಳೆರಡೂ ಇನ್ನೂ ಇಲ್ಲಿಯೇ ಇವೆ. ರೊಟ್ಟಿ ಅದ್ದಲು ಹೋಗಿ ಮರಿಗೆಯೊಳಗೇ ಬೀಳಿಸಿಕೊಂಡು ಅರಚುತ್ತವೆ. ಅಡಿಕೆ ಒಣಗಿಸುವಲ್ಲಿಗೆ ನೆರಳು ಬೀಳುತ್ತದೆಂದು ಮಾವ ಆ ಮಾವಿನ ಕೊಂಬೆ ಕಡಿಸುವ ಮಾತೆತ್ತಿದ್ದರು. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ವಿಶೇಷ ದಿನ) ಕಳೆಯುವ ತನಕ ಬಿಡಿ ಮಾವ, ಅಂತ ಕೇಳಿಕೊಂಡೆ. ಮರುದಿನ ಅವರೇ ಕೊನೆ ತೆಗೆಯುವ ಅಣ್ಣನಿಗೆ ಫೋನ್ ಮಾಡಿ, ಈ ವರ್ಷ ಆ ಕೊಂಬೆಯ ಸುದ್ದಿಗೆ ಹೋಗುವುದು ಬೇಡ ಅಂದರು.